ಐದನೇ ಕೋಣೆಯಲ್ಲಿ ಮೌನೇಶನ ಹಾಜರಿ

ಅಂಕಪಟ್ಟಿ ತರಲು ಕಳೆದ ವಾರ ಸಿಂಧನೂರಿಗೆ ಹೋಗಿದ್ದೆ. ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟೆನೋ ಇಲ್ಲವೋ, ಬೆಂದ ಭತ್ತದ ವಾಸನೆ ಮೂಗಿಗೆ ಬಡಿಯಿತು. ಯಾವುದೋ ಮಿಲ್ಲಿನವರು ಭತ್ತ ಕುದಿಸಿ ಅಂಗಳದಲ್ಲಿ ಹರವಿದ್ದರು. ಊರವರಿಗೆ ಅದು ವಾಸನೆಯೇ ಅಲ್ಲ, ಬರೀ ಗಾಳಿ. ನನಗೆ ಮಾತ್ರ ಕಾಲು ನೋಯತೊಡಗಿದವು.

ಪದವಿಯ ಮೊದಲ ವರ್ಷ ಅಂದಕೂಡಲೇ ನನಗೆ ನೆನಪಾಗುವುದು ಈ ಕಾಲುನೋವೇ. ಜವಳಗೇರಾದಿಂದ ಸಿಂಧನೂರಿಗೆ ಆ ಇಡೀ ವರ್ಷದಲ್ಲಿ ನಾನು ಕೂತು ಹೋದದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಡ್ರೈವರನ ಪಕ್ಕ, ಕಾದ ಇಂಜಿನ್ನಿನ ಮೇಲೆ. ಇಳಿಯುವಾಗ ನಾನೂ ಅರ್ಧ ಬೆಂದಿದ್ದೆ.

ನನ್ನ ಹೆಸರು ಅಮರೇಶ. ಕಸುಬು, ದನಿ ಕದಿಯುವುದು. ಕಂಡಕ್ಟರ್ ಚಿಲ್ಲರೆ ಕೊಡದಿರಲು ಹುಡುಕುವ ನೆಪ, ಔಷಧಿ ಅಂಗಡಿಯವನು ಚೀಟಿ ಓದಲು ಬಾರದೆ ತೆಗೆಯುವ ಕೆಮ್ಮು, ನಮ್ಮ ಅಪ್ಪ ಮೊಬೈಲಿನಲ್ಲಿ ಮಾತಾಡುವಾಗ ಆ ಕಡೆಯವರು ಬೆಟ್ಟದ ಮೇಲಿದ್ದಾರೆ ಎಂಬಂತೆ ಕೂಗುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಅವ್ವ ಬೇಸತ್ತು ಅನ್ನುತ್ತಿದ್ದಳು: "ಒಂದ್ಸಲನಾದ್ರೂ ನಿನ್ನ ದನೀಲೆ ಅವ್ವಾ ಅಂತ ಕರಿ ಲೇ. ನನ್ನ ಮಗ ಮನ್ಯಾಗ ಅದಾನೋ ಇಲ್ಲೋ ನನಗ ಗೊತ್ತಾಗವಲ್ದು."

ಕಾಲೇಜಿನ ಮೊದಲ ದಿನ ಪ್ರಾಂಶುಪಾಲರು ಮೂಗಿನಿಂದಲೇ ಅರ್ಧ ಗಂಟೆ ಮಾತಾಡಿ ಸೌಲಭ್ಯಗಳ ಪಟ್ಟಿ ಓದಿದರು. ಗ್ರಂಥಾಲಯ, ಗಣಕಯಂತ್ರ ಕೊಠಡಿ, ಕ್ರೀಡಾ ವಿಭಾಗ, ಸೇವಾ ಯೋಜನೆ, ಸಾಂಸ್ಕೃತಿಕ ಸಂಘ. "ಇವನ್ನೆಲ್ಲ ಸದುಪಯೋಗ ಪಡಿಸಿಕೊಳ್ಳತಕ್ಕದ್ದು." ನಾನು ಮತ್ತು ಮೌನೇಶ ಅದೇ ಮಧ್ಯಾಹ್ನ ಸದುಪಯೋಗಕ್ಕೆ ಹೊರಟೆವು. ಮೌನೇಶ ನಮ್ಮೂರವನೇ, ಬಾಲ್ಯದಿಂದ ನನ್ನ ಬೆಂಚಿನವನು.

ಗಣಕಯಂತ್ರ ಕೊಠಡಿಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಬಿಟ್ಟೆವು. ಕರೆಂಟ್ ಇರಲಿಲ್ಲ. ಮುಚ್ಚಿದ ಪರದೆಗಳ ಮುಂದೆ ಬರಿಗಾಲಲ್ಲಿ ಕೈಕಟ್ಟಿ ನಿಂತು ಹೊರಬಂದೆವು. ಕ್ರೀಡಾ ವಿಭಾಗದಲ್ಲಿ ಒಂದು ಕೇರಂ ಬೋರ್ಡು. ಕಳೆದುಹೋದ ಎರಡು ಕಾಯಿಗಳ ಬದಲು ಅಂಗಿಯ ಗುಂಡಿ. ಸೇವಾ ಯೋಜನೆಯಲ್ಲಿ ಕೈಗೆ ಕಸಬರಿಗೆ ಕೊಟ್ಟರು. ಮೈದಾನ ಗುಡಿಸಿದೆವು. ಮುಂದಿನ ಶನಿವಾರ ಹೋದರೆ ಅದೇ ಮೈದಾನ, ಅದೇ ಕಸ. ಸಾಂಸ್ಕೃತಿಕ ಸಂಘ ಅಂದರೆ ಒಂದು ಹಸಿರು ಟ್ರಂಕು, ಅದರೊಳಗೆ ಯಾವುದೋ ಹಳೆಯ ನಾಟಕದ ರುಮಾಲುಗಳು, ನುಸಿಗುಳಿಗೆಯ ನಾತ. ನಾನು ಅಲ್ಲೇ ಒಂದು ರುಮಾಲು ಸುತ್ತಿಕೊಂಡು ಪ್ರಾಂಶುಪಾಲರ ಮೂಗಿನಲ್ಲಿ "ಪಡಿಸಿಕೊಳ್ಳತಕ್ಕದ್ದು" ಎಂದೆ. ಟ್ರಂಕಿನ ಮೇಲ್ವಿಚಾರಣೆಯೂ ಹೊತ್ತಿದ್ದ ಇತಿಹಾಸದ ಸುಮಂಗಲಾ ಮೇಡಂ ನಗು ತಡೆಯಲು ಕನ್ನಡಕ ಒರೆಸಿಕೊಂಡರು. "ಹೆಸರು ಬರಸು" ಅಂದರು. ನಾನು ಸಂಘದವನಾದೆ. ಮೌನೇಶ ನುಸಿಗುಳಿಗೆಯ ನಾತಕ್ಕೆ ಹೊರಗೇ ನಿಂತಿದ್ದ.

ಮೌನೇಶ ಸಿಕ್ಕಿಬಿದ್ದದ್ದು ಗ್ರಂಥಾಲಯದಲ್ಲಿ. ಅಲ್ಲಿನ ಖಾಜಾಸಾಬರು ಗಾಜಿನ ಕಪಾಟಿನ ಬೀಗ ತೆಗೆದು, ಎರಡೂ ಕೈಯಲ್ಲಿ ಎತ್ತಿ ಒಂದು ನಕಾಶೆಯ ಪುಸ್ತಕ ಮೇಜಿನ ಮೇಲಿಟ್ಟರು. ಮದುವೆ ಅಡುಗೆಯ ಪರಾತದಷ್ಟು ಅಗಲ.

"ಹೊರಗ ಕೊಡಂಗಿಲ್ಲ. ಇಲ್ಲೇ ಕುಂತು ನೋಡ್ರಿ. ಉಗುಳು ಹಚ್ಚಿ ಹಾಳಿ ತಿರುವಿದ್ರ ನೋಡ್ರಿ ಮತ್ತ!"

ಮೌನೇಶ ಬಹಳ ಹೊತ್ತು ಬಾಗಿ ನೋಡಿದ. ಅವನದ್ದು ಹಾಗೇ. ಏನು ಮಾತಾಡುವ ಮುಂಚೆಯೂ ಒಂದು ಉಸಿರು ಒಳಗೆ ಎಳೆದುಕೊಂಡು, ಮಾತು ಇದೆಯೋ ಇಲ್ಲವೋ ನೋಡಿಕೊಂಡವನಂತೆ ತಡೆದು, ಆಮೇಲೆ ಬಿಡುತ್ತಿದ್ದ.

"ಹ್ಞೂಂ... ನಮ್ಮ ಕಾಲುವಿ ಇದರಾಗ ಇಲ್ಲಲೇ."

"ನಿಮ್ಮ ಎಮ್ಮೀನೂ ಇಲ್ಲ. ಚೊಲೊ ಹುಡುಕು."

"ದಿನಾ ಒಂದು ಹಾಳಿ ನೋಡ್ತೀನಿ. ಮೂರು ವರ್ಷದಾಗ ಪೂರಾ ಮುಗೀತೈತಿ."

ಅಲ್ಲಿಂದ ನಿತ್ಯ ತರಗತಿ ಬಿಟ್ಟಮೇಲೆ ಅವನು ಒಂದು ಹಾಳೆ ನೋಡುವವರೆಗೂ ನಾನು ಕಾಯಬೇಕಾಗುತ್ತಿತ್ತು. ಬಸ್ಸು ತಪ್ಪುತ್ತಿತ್ತು. ಮುಂದಿನ ಬಸ್ಸಿನಲ್ಲಿ ಮತ್ತೆ ನಿಂತುಕೊಂಡೇ ಊರಿಗೆ.

ದೀಪಾವಳಿ ಮುಗಿದು ಭತ್ತದ ಕಟಾವು ಶುರುವಾಯಿತು. ಕಾಲುವೆಯ ಸೀಮೆಯಲ್ಲಿ ಆ ಎರಡು ತಿಂಗಳು ಟ್ರ್ಯಾಕ್ಟರ್ ಓಡಿಸಬಲ್ಲ ಯಾರನ್ನೂ ಮನೆಯಲ್ಲಿ ಕೂರಿಸುವುದಿಲ್ಲ. ಮೌನೇಶನ ಅಣ್ಣನದೊಂದು ಟ್ರ್ಯಾಕ್ಟರ್ ಇತ್ತು. ಗದ್ದೆಯಿಂದ ಮಿಲ್ಲಿಗೆ ಭತ್ತ ಸಾಗಿಸಬೇಕು. ಇತ್ತ ಕಾಲೇಜಿನಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ.

"ಎರಡು ತಿಂಗಳ ಮಾತು" ಅಂದ ಮೌನೇಶ, ಬಸ್ಸಿನ ಕಂಬಿಗೆ ಜೋತುಬಿದ್ದು. "ನನ್ನ ಹಾಜರಿ ನೀ ಹೇಳ್ತೀಯೇನಲೇ? ಪರೀಕ್ಷಾ ಹೋದ್ರ ಅಣ್ಣ ಮತ್ತ ಕಳಸಂಗಿಲ್ಲ."

ಕೇಳಬೇಕೇ? ಹಸಿದವನಿಗೆ ಎಲೆ ಹಾಕಿದಂತಾಯಿತು. "ನಿನ್ನ ಉಸುರು ಸೈತ ಹಾಕ್ತೀನಿ, ಹೋಗು" ಎಂದೆ.

ಇತಿಹಾಸದ ತರಗತಿ ಐದನೇ ಕೋಣೆಯಲ್ಲಿ. ತಗಡಿನ ಮಾಡಿನ, ಉಗ್ರಾಣದಂಥ ಉದ್ದ ಕೋಣೆ. ಕಿಟಕಿಗಳೆಲ್ಲ ಹಿಂದಿನ ಗೋಡೆಗೆ. ಮುಂದೆ ನಿಂತವರಿಗೆ ಬೆಳಕಿನೆದುರು ಬರೀ ಕಪ್ಪು ತಲೆಗಳು ಕಾಣುತ್ತಿದ್ದವು. ಬೆಂಚುಗಳು ಎಷ್ಟು ಒತ್ತಾಗಿದ್ದವೆಂದರೆ ಒಬ್ಬ ಎದ್ದು ನಿಲ್ಲಬೇಕಾದರೆ ಆರು ಜನ ಎದ್ದು ದಾರಿ ಬಿಡಬೇಕು. ಆದ್ದರಿಂದ ಕೂತೇ ಉತ್ತರ ಹೇಳುವ ಪದ್ಧತಿ ಬಿದ್ದಿತ್ತು. ಇನ್ನು ಸುಮಂಗಲಾ ಮೇಡಂ ನಂಬರು ಕೂಗುತ್ತಿರಲಿಲ್ಲ. "ನಂಬರು ಮಂಡಿಯೊಳಗ ಚೀಲಕ್ಕ ಬರೀತಾರ. ನೀವು ಮಂದಿ ಅದೀರಿ" ಎಂದು ಒಬ್ಬೊಬ್ಬರ ಹೆಸರನ್ನೂ ಪೂರಾ ಓದುತ್ತಿದ್ದರು.

"ಮೌನೇಶ."

ಹಿಂದಿನ ಬೆಂಚಿನಿಂದ ಒಂದು ಉಸಿರು, ಒಂದು ತಡೆ. "ಹ್ಞೂಂ... ಬಂದೀನ್ರೀ."

ಪಕ್ಕದವನು ಬೆಚ್ಚಿ ಖಾಲಿ ಜಾಗ ನೋಡಿದ. ನಾನು ಅಷ್ಟು ಚೆನ್ನಾಗಿ ಮಾಡಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಒಂದು ದಿನ ಮೇಡಂ ಬಾದಾಮಿ ಚಾಲುಕ್ಯರ ಬಗ್ಗೆ ಏನೋ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು, ಆದರೆ ಅಮರೇಶ ಉತ್ತರ ಹೇಳಿದರೆ ಹುಡುಗರು ನಗುತ್ತಾರೆ. ಅಮರೇಶ ಅಂದರೆ ನಗೆಯೇ. ಹಾಗಾಗಿ ಮೌನೇಶ ಹೇಳಿದ. ಉಸಿರು, ತಡೆ, ಉತ್ತರ. ಮೇಡಂ ಕತ್ತೆತ್ತಿ ಬೆಳಕಿನ ಕಡೆ ಕಣ್ಣು ಕಿರಿದು ಮಾಡಿದರು.

"ಯಾರದು, ಮೌನೇಶನಾ? ಚೊಲೊ ಹೇಳಿದಿ ನೋಡಪಾ."

ನಾನು ಹುಟ್ಟಿದಾಗಿನಿಂದ ಆ ಮಾತು ಯಾರೂ ನನಗೆ ಹೇಳಿರಲಿಲ್ಲ. ಆವತ್ತೂ ನನಗೆ ಹೇಳಲಿಲ್ಲ, ಮೌನೇಶನಿಗೆ ಹೇಳಿದರು. ಆದರೂ ಚಟ ಹಿಡಿಯಿತು. ನಾನು ಓದತೊಡಗಿದೆ. ಬೆಳಿಗ್ಗೆ ಬಸ್ಸಿನ ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು ಪಾಠ ಓದುವುದು, ಮಧ್ಯಾಹ್ನ ಮೌನೇಶನ ದನಿಯಲ್ಲಿ ಒಪ್ಪಿಸುವುದು. ಅಮರೇಶನ ಹೆಸರು ಕೂಗಿದಾಗ ಕಂಡಕ್ಟರನ ದನಿಯಲ್ಲೋ ಅಪ್ಪನ ದನಿಯಲ್ಲೋ ಓಗೊಡುವುದು. ಮೇಡಂ ನಿಟ್ಟುಸಿರು ಬಿಟ್ಟು ಅನ್ನುತ್ತಿದ್ದರು: "ಅಮರೇಶ, ನಿಮ್ಮೂರಾಂವನ ಅದಾನಲ್ಲೋ ಮೌನೇಶ. ಅವನ್ನ ನೋಡಿ ಕಲಿ."

ಇಬ್ಬರು ವಿದ್ಯಾರ್ಥಿಗಳಾಗಿರುವುದು ಎಷ್ಟು ದಣಿವಿನ ಕೆಲಸ ಎಂದು ಅನುಭವಿಸಿದವರಿಗೇ ಗೊತ್ತು. ಸಂಜೆ ಊರಿನಲ್ಲಿ ಇಳಿದರೆ ಗಂಟಲು ಒಣಗಿ ಊಟ ಇಳಿಯುತ್ತಿರಲಿಲ್ಲ. ಅವ್ವ ಏನು ಕೇಳಿದರೂ ಸನ್ನೆಯಲ್ಲೇ ಉತ್ತರ. ಅವಳಿಗೆ ಅದೂ ಯಾರದೋ ಅಣಕವೇ ಅನ್ನಿಸುತ್ತಿತ್ತು.

ಡಿಸೆಂಬರಿನಲ್ಲಿ ಮೇಡಂ ಮಸ್ಕಿಗೆ ಒಂದು ದಿನದ ಪ್ರವಾಸ ಗೊತ್ತು ಮಾಡಿದರು. ಗುಡ್ಡದ ಮೇಲೆ ಅಶೋಕನ ಶಾಸನ ನೋಡುವುದು, ಬುತ್ತಿ ಉಣ್ಣುವುದು, ಬರುವುದು. ಎಲ್ಲ ಹೇಳಿ ಮುಗಿಸಿ ಕೊನೆಗೆ ಅಂದರು: "ಶಾಸನದ ಮುಂದ ನಿಂತು ಐದು ನಿಮಿಷ ಮೌನೇಶ ಮಾತಾಡ್ತಾನ. ಏನ್ ಮೌನೇಶ?"

ನನ್ನ ಬಾಯಿ ನನ್ನನ್ನು ಕೇಳದೆಯೇ "ಹ್ಞೂಂ... ಆತ್ರೀ" ಅಂದುಬಿಟ್ಟಿತು.

ಅದೇ ಸಂಜೆ ಗದ್ದೆಗೆ ಓಡಿದೆ. ಮೌನೇಶ ಟ್ರ್ಯಾಕ್ಟರ್ ಮೇಲೆ ಕೂತು, ಟ್ರಾಲಿ ತುಂಬುವುದನ್ನು ಕಾಯುತ್ತ ಹಾಗೇ ತೂಕಡಿಸುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು, ಎಲ್ಲಕ್ಕೂ ಭತ್ತದ ಧೂಳು. ಎಬ್ಬಿಸಿ ಎಲ್ಲ ಹೇಳಿದೆ.

"ನಾ ಯಾವಾಗ ಇಷ್ಟು ಶಾಣ್ಯಾ ಆದೆ ಲೇ?" ಅಂದ. ಅವನ ದನಿ ಕೇಳಿ ನನಗೆ ಗಾಬರಿಯಾಯಿತು. ಒಂದು ತಿಂಗಳ ಧೂಳು ನುಂಗಿ ಗಂಟಲು ಜಾಲಿ ಮುಳ್ಳಿನಂತಾಗಿತ್ತು.

"ಬಿಸಿನೀರು ಕುಡಿ. ನಾ ಬರದು ಕೊಡ್ತೀನಿ, ಬಾಯಿಪಾಠ ಮಾಡು."

"ನನ್ನಂಗ ನಾನ ಮಾತಾಡೂದು ನಿನ್ನ ಕಡೆ ಕಲೀಬೇಕಾ?" ಎಂದು ನಕ್ಕು ಕೆಮ್ಮಿದ.

ಪ್ರವಾಸದ ದಿನ ಅವನು ಒಂದು ಲೋಡು ಇಳಿಸಿ, ತಲೆಗೆ ನೀರು ಹಾಕಿಕೊಂಡು, ನೇರ ಮಸ್ಕಿಗೇ ಬಂದು ಗುಡ್ಡದ ಬುಡದಲ್ಲಿ ನಿಂತಿದ್ದ. ಎಲ್ಲರೂ ಹತ್ತಿದೆವು. ದೊಡ್ಡ ಬಂಡೆಯ ನೆರಳಿನಲ್ಲಿ, ಕಂಬಿಯ ಬಾಗಿಲಿನ ಆಚೆ, ಆ ಅಕ್ಷರಗಳು. ಬೇರೆ ಬಹಳಷ್ಟು ಕಡೆ ಆ ದೊರೆ ಬರೀ ಬಿರುದು ಕೊರೆಸಿದ್ದಾನೆ, ಇಲ್ಲಿ ಅಶೋಕ ಎಂಬ ಹೆಸರೇ ಇದೆ. ಅದರಿಂದಲೇ ಆ ಬಿರುದಿನವನು ಇವನೇ ಎಂದು ಗಟ್ಟಿಯಾಯಿತು ಎಂದು ಮೇಡಂ ಹೇಳಿದರು. ನಾನು ಪಕ್ಕದವನ ಕಿವಿಯಲ್ಲಿ, "ಅಂದ್ರ ಹಾಜರಿ ಕೊಟ್ಟದ್ದು ಮಸ್ಕಿಯೊಳಗ ಅನ್ನು" ಎಂದೆ. ಅವನು ನಕ್ಕ. ಆ ಡಿಸೆಂಬರಿನಲ್ಲಿ ನಾನು ನಗಿಸಿದ್ದು ಅದೇ ಕೊನೆ.

"ಮೌನೇಶ, ಬಾಪಾ ಮುಂದ."

ಅವನು ಮುಂದೆ ಬಂದ. ಕಣ್ಣು ಕೆಂಪಗೆ. ಉಸಿರು ಎಳೆದುಕೊಂಡ, ಕೆಮ್ಮು ಬಂತು. ನಾನು ಬರೆದುಕೊಟ್ಟ ಮೊದಲ ಸಾಲು ಹೇಳಿದ, ಎರಡನೆಯದು ಮರೆತ, ಮತ್ತೆ ಮೊದಲನೆಯದನ್ನೇ ಹೇಳಿದ. ಕರಕರ ಅನ್ನುವ ಆ ದನಿ ಯಾರಿಗೂ ಪರಿಚಯವಿರಲಿಲ್ಲ. ಮೇಡಂ ಹತ್ತಿರ ಬಂದು ಅವನ ಮುಖ ನೋಡಿದರು.

"ತಡಿ. ನೀ ಯಾರಪಾ?"

"ಮೌ... ಮೌನೇಶ್ರೀ."

"ಸುಳ್ಳು ಹೇಳಬ್ಯಾಡ. ಅವನ ದನಿ ನನಗ ಗೊತ್ತೈತಿ. ದಿನಾ ಕೇಳ್ತೀನಿ ನಾ. ಯಾರು ನಿನ್ನ ನಿಂದರಿಸ್ಯಾರ? ನಿನ್ನ ಕಾರ್ಡ್ ಎಲ್ಲೈತಿ?"

ಗುರುತಿನ ಚೀಟಿ ಅವನು ಕಚೇರಿಯಿಂದ ಇನ್ನೂ ತಂದೇ ಇರಲಿಲ್ಲ. ಕಟಾವು ಮುಗಿಯಲಿ ಅಂದಿದ್ದ. ಹುಡುಗರೆಲ್ಲ ನನ್ನ ಕಡೆ ನೋಡಿದರು. ಮೌನೇಶನೂ ನೋಡಿದ. ಸತ್ಯ ಹೇಳಿದರೆ ಅವನ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಪರೀಕ್ಷೆ, ಪರೀಕ್ಷೆ ಹೋದರೆ ಅಣ್ಣ ಕಾಲೇಜು ಬಿಡಿಸುತ್ತಾನೆ. ಸುಮ್ಮನಿದ್ದರೆ ಅವನು ಇಷ್ಟು ಜನರ ನಡುವೆ ಕಳ್ಳನಾಗುತ್ತಾನೆ. ಇದೆಲ್ಲ ಈಗ ಹೀಗೆ ಒಪ್ಪವಾಗಿ ಬರೆಯುತ್ತಿದ್ದೇನೆ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ನನ್ನ ಹೆಸರು ಬರದಿರಲಿ. ಊರಿನ ಇಷ್ಟೆಲ್ಲ ದನಿಗಳನ್ನು ಇಟ್ಟುಕೊಂಡ ಗಂಟಲಿನಿಂದ ಒಂದೂ ಹೊರಡಲಿಲ್ಲ.

ಮೌನೇಶ ನನ್ನ ಮೇಲಿಂದ ಕಣ್ಣು ತೆಗೆದ. ಆಮೇಲೆ, ನೆಲ ನೋಡುತ್ತ ಅಂದ:

"ತಪ್ಪಾತ್ರೀ ಮೇಡಂ. ನಾ ಮೌನೇಶ ಅಲ್ಲ. ಅವಂಗ ಜ್ವರ ಬಂದಾವ. ನಾ ಅವನ ಗೆಳೆಯ."

ಯಾರೋ ಕಿಸಕ್ಕೆಂದರು. ಅವನು ಒಬ್ಬನೇ ಗುಡ್ಡ ಇಳಿದುಹೋದ. ನಾವು ಬುತ್ತಿ ಬಿಚ್ಚಿದೆವು.

ಮರುದಿನ ಮೇಡಂ ಹೆಸರು ಓದಿದರು. "ಮೌನೇಶ." ನನ್ನ ಬೆಂಚಿನಿಂದ, "ಹ್ಞೂಂ... ಬಂದೀನ್ರೀ." "ಜ್ವರ ಬಿಟ್ವೇನಪಾ?" "ಬಿಟ್ಟಾವ್ರೀ." ಅವನ ಹಾಜರಿ ಉಳಿಸುತ್ತಿದ್ದೇನೆ ಅಂದುಕೊಂಡೆ. ನನಗೆ ಹಾಗೆ ಅಂದುಕೊಳ್ಳುವ ಅಗತ್ಯವಿತ್ತು.

ಕಟಾವು ಮುಗಿಯಿತು. ಮಿಲ್ಲುಗಳಲ್ಲಿ ಭತ್ತ ಕುದಿಯತೊಡಗಿತು. ಮೌನೇಶ ಮಾತ್ರ ಬಸ್ಸಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಮನೆಗೆ ಹೋದೆ. ಅಂಗಳದಲ್ಲಿ ಖಾಲಿ ಚೀಲ ಕೊಡವುತ್ತಿದ್ದ.

"ನಾಳೆ ಬಾ ಲೇ. ಪರೀಕ್ಷೆ ಬಂತು."

"ಯಾವ ಮಾರಿ ತಗೊಂಡು ಬರ್ಲಿ? ಈ ಮಾರಿ ಮೌನೇಶಂದಲ್ಲ ಅಂತ ನಾನ ಹೇಳೀನಿ."

"ಹಿಂದ ಕುಂದ್ರು. ಆಕಿಗೆ ಕಾಣಂಗಿಲ್ಲ."

"ಪರೀಕ್ಷಾಕ್ಕೂ ಹಿಂದ ಕುಂದ್ರಲೇನು?" ಚೀಲ ಮಡಚಿ ಗುಡ್ಡೆಯ ಮೇಲೆ ಎಸೆದ. "ನೀನ ನಡಸು. ನನಗಿಂತ ನೀ ಚೊಲೊ ಮೌನೇಶ ಆಗೀ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ವಾರವಿಡೀ ನಾನು ಬಸ್ಸಿನಲ್ಲಿ ಪುಸ್ತಕ ತೆಗೆಯಲಿಲ್ಲ. ಸೀಟು ಖಾಲಿಯಾದರೂ ಕೂರಲಿಲ್ಲ.

ಜನವರಿಯಲ್ಲಿ ಲಿಂಗಸುಗೂರಿನಲ್ಲಿ ಸುತ್ತಲಿನ ಕಾಲೇಜುಗಳ ಸಾಂಸ್ಕೃತಿಕ ಸ್ಪರ್ಧೆ. ಅಣಕು ದನಿಗೆ ನಾನು. ಜತೆಗೆ ಹಸಿರು ಟ್ರಂಕು, ಅದರ ಮೇಲ್ವಿಚಾರಕರಾಗಿ ಸುಮಂಗಲಾ ಮೇಡಂ. ಕಂಡಕ್ಟರ್, ಔಷಧಿ ಅಂಗಡಿ, ರೈಲು, ಕೋಳಿ ಎಂದು ಪಟ್ಟಿ ಕೊಟ್ಟಿದ್ದೆ. ವೇದಿಕೆಗೆ ಹತ್ತಿದೆ. ದೀಪದ ಆಚೆ ಬರೀ ಕಪ್ಪು ತಲೆಗಳು. ಐದನೇ ಕೋಣೆಯಲ್ಲಿ ಮೇಡಂಗೆ ನಾವು ಹೀಗೇ ಕಾಣುತ್ತೇವೆ ಅನ್ನಿಸಿತು. ಪಟ್ಟಿ ಮರೆತು, ಇಲ್ಲದ ಕನ್ನಡಕ ಒರೆಸಿಕೊಂಡೆ.

"ನಂಬರು ಮಂಡಿಯೊಳಗ ಚೀಲಕ್ಕ ಬರೀತಾರ. ನೀವು ಮಂದಿ ಅದೀರಿ. ಹೆಸರು ಕರೀತೀನಿ, ಸುಮ್ಮನ ಕುಂದರ್ರಿ."

ನಮ್ಮ ತಂಡದವರು ಕೂಗಿ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಮೇಡಂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಓಗೊಡುವಿಕೆ: ಅವಸರದವನು, ಗೊರಕೆಯವನು, ಗುಟಕಾ ಬಾಯಲ್ಲಿಟ್ಟುಕೊಂಡು "ಎಸ್ ಮೇಡಂ" ಅನ್ನುವವನು. ಸಭೆ ಉರುಳಾಡಿತು.

"ಮೌನೇಶ."

ಉಸಿರು ಎಳೆದೆ, ತಡೆದೆ. "ಹ್ಞೂಂ... ಬಂದೀನ್ರೀ."

ನಮ್ಮವರ ಚಪ್ಪಾಳೆ ನಿಂತಿತು. ಮೇಡಂ ಸೆರಗು ಬಾಯಿಂದ ತೆಗೆದರು. ನಾನು ಅದೇ ದನಿಯಲ್ಲಿ ಚಾಲುಕ್ಯರ ಆ ಉತ್ತರವನ್ನೂ ಹೇಳಿದೆ, ಅಕ್ಷರ ಬಿಡದೆ. ಆಮೇಲೆ ಮುಂದಿನ ಮಾತಿಗೆ ದನಿ ಹುಡುಕಿದೆ. ಯಾರದೂ ಹೊಂದಲಿಲ್ಲ. ಕೊನೆಗೆ ಸಣ್ಣಗೆ ಒಂದು ಬಂತು.

"ಮೇಡಂ, ಮಸ್ಕಿಯೊಳಗ ನಿಮ್ಮ ಮುಂದ ನಿಂತಾಂವನ ಮೌನೇಶ್ರೀ. ಇಷ್ಟು ದಿವಸ ಮಾತಾಡಿದಾಂವ ನಾನು."

ಸಭೆ ಇದೂ ಆಟದ ಭಾಗವೆಂದು ತಿಳಿದು ಸಿಳ್ಳೆ ಹಾಕಿತು. ಸಮಯ ಮೀರಿದ್ದಕ್ಕೆ ಅಂಕ ಕಳೆದು ನನಗೆ ಸಮಾಧಾನಕರ ಬಹುಮಾನ ಕೊಟ್ಟರು, ಒಂದು ಸ್ಟೀಲಿನ ಡಬ್ಬಿ. ಅವ್ವ ಇವತ್ತಿಗೂ ಅದರಲ್ಲಿ ಸಾಸಿವೆ ಹಾಕಿಡುತ್ತಾಳೆ.

ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ಚಹಾಕ್ಕೆ ನಿಂತಿತು. ಮೇಡಂ ಕಿಟಕಿಯಿಂದ ಗುಡ್ಡ ನೋಡುತ್ತಿದ್ದರು. ನನ್ನನ್ನು ಕರೆದರು.

"ಅಷ್ಟೆಲ್ಲ ಓದಿದಾಂವ ನೀನಾ?"

"ಹೌದ್ರೀ."

"ಯಾಕ?"

"ಅವನ ಹೆಸರು ಕೆಡಬಾರ್ದಂತರೀ."

"ನಿನ್ನ ಹೆಸರಿಗೆ ಯಾಕ ಓದ್ಲಿಲ್ಲಪಾ?"

ಉತ್ತರಕ್ಕೆ ಕಾಯದೆ ಅವರು ಮತ್ತೆ ಕಿಟಕಿಗೆ ತಿರುಗಿದರು. "ಆ ಹುಡುಗನ ಮಾರಿ ನೋಡಿ, ನೀ ಯಾರು ಅಂದೆನಲ್ಲೋ ನಾ" ಅಂದರು, ಗುಡ್ಡಕ್ಕೆ ಹೇಳಿದಂತೆ. "ಕರಕೊಂಡು ಬಾ ಅವನ್ನ. ಹಾಜರಿ ಹೊಡದು ಹಾಕಲೇಬೇಕು. ಆದ್ರ ಅವನ ಮುಂದ ಹೊಡೀತೀನಿ."

ಮೂರು ದಿನ ಬೇಡಿಕೊಂಡಮೇಲೆ ಮೌನೇಶ ಬಂದ. ಸಿಬ್ಬಂದಿ ಕೋಣೆಯಲ್ಲಿ ಮೇಡಂ ಹಾಜರಿ ಪುಸ್ತಕ ತೆರೆದು ಅವನ ಹೆಸರಿನ ಮುಂದಿನ ಒಂದೊಂದು ಗುರುತನ್ನೂ ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. ದೀಪಾವಳಿಯಿಂದ ಜನವರಿಯವರೆಗೆ. ಅವನ ಪರೀಕ್ಷೆ ಹೋಯಿತು. ಕೊನೆಗೆ ಮೌನೇಶ ಉಸಿರು ಎಳೆದುಕೊಂಡು ಒಂದೇ ಮಾತು ಕೇಳಿದ: "ಗ್ರಂಥಾಲಯಕ್ಕ ಬರಬೌದ್ರೀ?"

ಮೇಡಂ ಕನ್ನಡಕ ತೆಗೆದರು. ಈ ಸಲ ನಗು ತಡೆಯಲು ಅಲ್ಲ.

ನನ್ನನ್ನು ಸಂಘದಿಂದ ತೆಗೆದು ಖಾಜಾಸಾಬರ ಕೈಗೆ ಕೊಟ್ಟರು. ವರ್ಷ ಮುಗಿಯುವವರೆಗೆ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚಿ ನಂಬರಿನ ಚೀಟಿ ಅಂಟಿಸಿದೆ. ಮೌನೇಶ ವಾರಕ್ಕೆ ಎರಡು ಸಲ, ಟ್ರ್ಯಾಕ್ಟರ್ ಮಿಲ್ಲಿನ ಸಾಲಿನಲ್ಲಿ ಬಿಟ್ಟು ಬಂದು, ಎದುರಿನ ಮೇಜಿನಲ್ಲಿ ಹಾಳೆ ತಿರುವುತ್ತಿದ್ದ. ನನ್ನ ಜತೆ ಮಾತಾಡಿದ್ದು ಮಾರ್ಚಿನಲ್ಲಿ: "ಅಂಟು ಮೂಗಿಗೆ ಹತ್ತೇತಿ ನೋಡಲೇ." ಅಣ್ಣನನ್ನು ಹೇಗೆ ಒಪ್ಪಿಸಿದನೋ, ಮರುವರ್ಷ ಮತ್ತೆ ಮೊದಲ ವರ್ಷಕ್ಕೇ ಸೇರಿದ. ನನಗಿಂತ ಒಂದು ವರ್ಷ ಹಿಂದಾದ.

ಅದಕ್ಕೇ ಕಳೆದ ವಾರ ನಾನು ಅಂಕಪಟ್ಟಿ ಕಂಕುಳಲ್ಲಿಟ್ಟುಕೊಂಡು ಹೊರಬರುವಾಗ ಅವನಿನ್ನೂ ಒಳಗಿದ್ದ. ಐದನೇ ಕೋಣೆಯ ಬಾಗಿಲ ಪಕ್ಕ ನಿಂತೆ. ಮೇಡಂ ಹೆಸರು ಓದುತ್ತಿದ್ದರು. "ಮೌನೇಶ" ಅಂದಕೂಡಲೇ ನಾಚಿಕೆಗೇಡಿ ನನ್ನ ಎದೆ ಉಸಿರು ಎಳೆದುಕೊಂಡಿತು. ತುಟಿ ಕಚ್ಚಿ ಹಿಡಿದೆ.

"ಬಂದೀನ್ರೀ."

ಮುಂದಿನ ಬೆಂಚಿನಿಂದ. ಉಸಿರಿಲ್ಲ, ತಡೆಯಿಲ್ಲ. ಅವನು ಆ ಉಸಿರಿನ ಚಾಳಿ ಯಾವಾಗ ಬಿಟ್ಟನೋ ಗೊತ್ತಿಲ್ಲ. ನನ್ನ ಹತ್ತಿರವಿದ್ದ ಮೌನೇಶ ಹಳಬನಾಗಿಬಿಟ್ಟಿದ್ದ.

ಬಾಗಿಲ ಬೆಳಕಿಗೆ ನಾನು ಅಡ್ಡವಾಗಿದ್ದೆ ಅಂತ ಕಾಣುತ್ತದೆ. ಮೇಡಂ ಈ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು.

"ಯಾರಪಾ ಬಾಗಲದಾಗ?"

ಕಂಡಕ್ಟರ್ ಬಂದ, ಅಪ್ಪ ಬಂದ, ಪ್ರಾಂಶುಪಾಲರ ಮೂಗೂ ಬಂತು. ಎಲ್ಲರನ್ನೂ ಕಳಿಸಿ, ಲಿಂಗಸುಗೂರಿನಲ್ಲಿ ಒಮ್ಮೆ ಸಿಕ್ಕಿದ್ದ ಆ ಸಣ್ಣ ದನಿ ಹುಡುಕಿದೆ.

"ಅಮರೇಶ್ರೀ" ಎಂದೆ.

ಒಳಗೆ ಯಾರೂ ನಗಲಿಲ್ಲ.